ನರ್ಸಮ್ಮನ ನಕ್ಷೆ, ನೆರೆಮನೆಯ ಹೆಪ್ಪು

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಬರವಣಿಗೆಯ ಅಭ್ಯಾಸ ಸಾಲದು. ಪುಟ್ಟತಾಯಮ್ಮನವರನ್ನು ಚಿತ್ರಿಸುವಲ್ಲಿ ಪದ ತಪ್ಪಿದರೆ ಓದುಗರು ಮನ್ನಿಸಬೇಕು. ಅವರ ಎಡಭುಜವೊಂದನ್ನು ಮಾತ್ರ ನಾನು ತಪ್ಪಾಗಿ ಹೇಳಲಾರೆ. ವರ್ಷಗಟ್ಟಲೆ ಲಸಿಕೆಯ ಡಬ್ಬಿ ಹೊತ್ತಿದ್ದ ಆ ಭುಜ, ಡಬ್ಬಿಯಿಲ್ಲದ ದಿನವೂ ತಗ್ಗಿಯೇ ಇರುತ್ತಿತ್ತು.

ಸರಗೂರಿನ ಸುತ್ತಲಿನ ಹಳ್ಳಿ, ಕಾಡಂಚಿನ ಬುಡಕಟ್ಟಿನವರ ಹಾಡಿಗಳಿಗೆ ಅವರು ಸರ್ಕಾರಿ ನರ್ಸು. ನಮ್ಮ ಬೀದಿಯವರಿಗೆ ನರ್ಸಮ್ಮ. ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ತಾವು ನಡೆದ ಕಾಲುದಾರಿಗಳನ್ನೆಲ್ಲ ಬರೆದಿಟ್ಟುಕೊಂಡಿದ್ದರು. ಮಳೆಗಾಲದಲ್ಲಿ ಎಲ್ಲಿ ದಾಟಬಾರದು, ಯಾವ ಮನೆಯ ನಾಯಿ ಕಚ್ಚುತ್ತದೆ ಎಂಬುದೂ ಅದರಲ್ಲಿತ್ತು. "ಆ ನಾಯಿಗೂ ಒಂದಿನ ಸೂಜಿ ಚುಚ್ತೀನಿ ಬುಡು" ಎಂದು ನಗುತ್ತಿದ್ದರು.

ಭೂಗೋಳ ಓದಿ ಕೆಲಸವಿಲ್ಲದಿದ್ದ ನಾನು, ಅವರ ಒಪ್ಪಿಗೆ ಪಡೆದು, ತಾಲ್ಲೂಕು ಕೇಂದ್ರವಾದ ಕೋಟೆಯ ಸೈಬರ್ ಸೆಂಟರಿನಲ್ಲಿ ಕುಳಿತು ಆ ದಾರಿಗಳನ್ನು ಅಂತರ್ಜಾಲದ ಒಂದು ಮುಕ್ತ ನಕ್ಷೆಗೆ ಸೇರಿಸಿದೆ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ನಕ್ಷೆ ಅದು. ಕಾಕನಕೋಟೆ ಕಡೆಯ ಯಾರೋ ಹಳ್ಳಗಳನ್ನು ಸೇರಿಸಿದರು. ಬೀಚನಹಳ್ಳಿಯವರೊಬ್ಬರು ಕಾಲುವೆ ತಿದ್ದಿದರು. ಈ ಕೆಲಸವನ್ನು ತೋರಿಸಿಯೇ ನನಗೆ ಮೈಸೂರಿನ ನಕ್ಷೆ ಕಂಪನಿಯೊಂದರಲ್ಲಿ ಪರೀಕ್ಷಾವಧಿಯ ನೌಕರಿ ದೊರೆಯಿತು. ಅಪ್ಪ ಬೀದಿಗೆಲ್ಲ ಸಕ್ಕರೆ ಹಂಚಿದರು.

ಅಲ್ಲಿ ನಾನು ಮಾಡಿದ ತಪ್ಪು ಇದು. ಮುಕ್ತ ನಕ್ಷೆಯನ್ನೇ ಇಳಿಸಿಕೊಂಡು, ನಾಲ್ಕು ದಾರಿ ತಿದ್ದಿ, ಕಂಪನಿಯ ತಾಲ್ಲೂಕು ನಕ್ಷೆಯೆಂದು ಒಪ್ಪಿಸಿದೆ. ಆ ನಕ್ಷೆಯ ಬಳಕೆಯ ಪರವಾನಗಿಯನ್ನು ಓದಿದ್ದೆ; ಆದರೆ 'ಮುಕ್ತ' ಎಂದರೆ 'ಯಾರದೂ ಅಲ್ಲ' ಎಂದು ತಿಳಿದಿದ್ದೆ. ಅಚ್ಚಾದ ನಕ್ಷೆಯ ಅಡಿಯಲ್ಲಿ 'ನಕಲು ಮಾಡುವಂತಿಲ್ಲ' ಎಂಬ ಸಾಲು ಬಂತು. ಹೆಮ್ಮೆಯಿಂದ ಒಂದು ಪ್ರತಿಯನ್ನು ನರ್ಸಮ್ಮನಿಗೆ ಕೊಟ್ಟೆ.

ಅದೇ ತಿಂಗಳು ಅವರ ನಿವೃತ್ತಿ. ಹಳ್ಳ, ಕಾಲುವೆಯೆಲ್ಲ ಸೇರಿದ್ದ ಆ ನಕ್ಷೆಯನ್ನು ಹೊಸ ನರ್ಸಿಗೆ ಕೊಡಲೆಂದು ಜೆರಾಕ್ಸ್ ಅಂಗಡಿಗೆ ಒಯ್ದರೆ, ಅಂಗಡಿಯವನು ಆ ಸಾಲು ತೋರಿಸಿ ಹಿಂದಿರುಗಿಸಿದನಂತೆ. ಭಾನುವಾರ ಊರಿಗೆ ಬಂದ ನನ್ನನ್ನು ಜಗಲಿಯಿಂದಲೇ ಕರೆದರು.

"ಅಲ್ಲ ಕಣ್ ಮಗ, ನಾ ಸವೆಸಿದ್ ದಾರಿ ನಂಗೇ ಕೊಡಕ್ಕಿಲ್ವಂತೆ. ನಿನ್ ಕಂಪ್ನಿಯೋರು ನಡ್ದಿದ್ರಾ?"

ನಾನು ಪರವಾನಗಿಯನ್ನು ವಿವರಿಸಹೊರಟೆ: ಕೊಟ್ಟವರನ್ನು ಹೆಸರಿಸಬೇಕು, ತಿದ್ದಿ ಹಂಚಿದರೆ ಅದನ್ನೂ ಅದೇ ಷರತ್ತಿನ ಮೇಲೆ ಹಂಚಬೇಕು… ಹೇಳುತ್ತ ಹೋದಂತೆ, ಎರಡನ್ನೂ ನಾನು ಮಾಡಿಲ್ಲವೆಂಬುದು ನನಗೇ ಹೊಳೆಯಿತು.

"ಇದಕ್ಯಾಕ್ಲಾ ಅಷ್ಟುದ್ದ ಇಂಗ್ಲಿಸು? ನಿಮ್ಮವ್ವ ಮೊನ್ನೆ ನಮ್ಮನೇಲಿ ಹೆಪ್ಪು ಈಸ್ಕೊಂಡೋದ್ಲು. ನೆನ್ನೆ ಆಚೆಮನೆ ಗೌರಿ ಹೋಗಿ ನಿಮ್ಮವ್ವನ್ನ ಕೇಳುದ್ರೆ, 'ಇದು ನಮ್ ಮೊಸ್ರು, ಹೆಪ್ಪು ಕೊಡಕ್ಕಿಲ್ಲ' ಅಂದ್ಲಾ? ಅಂದಿದ್ರೆ ನಾ ಸುಮ್ಕಿರ್ತಿದ್ನಾ?"

"ನಿಜ ಹೇಳಿದರೆ ನನ್ನ ಕೆಲಸ ಹೋಗುತ್ತೆ, ನರ್ಸಮ್ಮ."

ಅವರು ನನ್ನ ಮುಖವನ್ನೇ ನೋಡಿದರು. ಸುಳ್ಳು ಧೈರ್ಯ ಹೇಳಲಿಲ್ಲ. "ಹೋಗ್ಬೋದು. ನಾನೂ ಬತ್ತೀನಿ ನಡಿ" ಎಂದರು.

ಸೋಮವಾರ ಮೊದಲ ಬಸ್ಸಿಗೆ, ಕ್ಯಾಲೆಂಡರ್ ಹಾಳೆಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ನನ್ನೊಡನೆ ಮೈಸೂರಿಗೆ ಬಂದರು. ಮ್ಯಾನೇಜರರ ಎದುರು ನಾನು ತಪ್ಪೊಪ್ಪಿಕೊಂಡೆ. ಅವರು ನರ್ಸಮ್ಮನ ಕಡೆ ತಿರುಗಿ, "ನೀವು ಯಾರಮ್ಮ?" ಎಂದರು.

"ಹೆಪ್ಪು ಕೊಟ್ಟೋಳು, ಸ್ವಾಮಿ."

ಮ್ಯಾನೇಜರರಿಗೆ ಏನೂ ಅರ್ಥವಾಗಲಿಲ್ಲ. ಆದರೆ ಪರವಾನಗಿಯನ್ನು ತಾವೇ ಓದಿ ನೋಡಿದ ಮೇಲೆ ಆ ಸಾಲನ್ನು ತೆಗೆಸಿದರು. ಮುಕ್ತ ನಕ್ಷೆಯ ಹೆಸರನ್ನೂ ಅದರ ಷರತ್ತನ್ನೂ ಅಚ್ಚು ಹಾಕಿಸಿದರು. ಹೊಸ ನರ್ಸಿಗೆ ಪ್ರತಿ ಸಿಕ್ಕಿತು. ನನ್ನ ಪರೀಕ್ಷಾವಧಿ ಮುಂದುವರಿಯಲಿಲ್ಲ. ಆ ಸೋಮವಾರ ಮರಳುವ ಬಸ್ಸಿನಲ್ಲಿ ನರ್ಸಮ್ಮ ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟರು. ಸರಗೂರಿನವರೆಗೂ ನನ್ನ ಕೈ ಬಿಡಲಿಲ್ಲ.

ಅವರನ್ನು ಕೊನೆಯ ಸಲ ಕಂಡದ್ದು ಪಿರಿಯಾಪಟ್ಟಣದ ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ನಕ್ಷೆಯ ಹೊಸ ಪ್ರತಿಯ ಮೇಲೆ ಬೆರಳಾಡಿಸಿ, "ಈ ಹಳ್ಳಕ್ಕೆ ಮೋರಿ ಕಟ್ಟವ್ರೆ ಕಣ. ತಿದ್ದು" ಎಂದರು. ನಾನು ತಿದ್ದಿದ್ದನ್ನು ನೋಡಲು ಅವರು ಉಳಿಯಲಿಲ್ಲ.

ನಮ್ಮ ಮನೆಯಲ್ಲಿ ಆದ ಬದಲಾವಣೆ ಇಷ್ಟು. ನಾನು ಮತ್ತೆ ಕಂಪನಿ ಸೇರದೆ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ನನ್ನ ತಂಗಿ ನರ್ಸ್ ತರಬೇತಿ ಮುಗಿಸಿ ಅವರದೇ ಹಳ್ಳಿಗಳಿಗೆ ಬಂದಿದ್ದಾಳೆ. ಹೊಸ ದಾರಿ ಕಂಡರೆ ಸಂಜೆ ನನಗೆ ಹೇಳಿ ಬರೆಸುತ್ತಾಳೆ. ಅವಳ ಎಡಭುಜವೂ ಈಗೀಗ ತಗ್ಗುತ್ತಿದೆ.