ಗ್ರಾಫಿಕ್ಸ್ ಕಾರ್ಡಿಗೆ ವಿಭೂತಿ

ಅಕ್ಕ ಕೊಳ್ಳೇಗಾಲದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುತ್ತಾಳೆ. ಹನೂರಿನ ಮದುವೆಯೊಂದರ ವಿಡಿಯೊದಲ್ಲಿ ಗಂಡು ತಾಳಿ ಎತ್ತುವಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡ್ ಕಾದು, ಪ್ರತಿ ಸಲವೂ ಕಂಪ್ಯೂಟರ್ ಆರಿಹೋಗುತ್ತಿತ್ತು. ನಾನು ಕಾರ್ಡಿನ ಫ್ಯಾನ್ ಬಿಚ್ಚಿ, ನೀರಿನಿಂದ ತಂಪು ಮಾಡುವ ಕೂಲರ್ ಕೂಡಿಸಲು ಕುಳಿತೆ. ಕೆಟ್ಟರೆ ಅವಳಿಗೆ ಇನ್ನೊಂದು ಕಾರ್ಡಿಲ್ಲ.

ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಬೂದು ಬಣ್ಣದ ಪೇಸ್ಟನ್ನು ಒಂದು ಬೆರಳಿನಿಂದ ಹಚ್ಚುವಾಗ ಅವ್ವ ಬಂದಳು.

"ಒಂದ್ ಬೆಳ್ಳಲ್ಲಿ ಈಬೂತಿ ಅಚ್ತಾರೇನ್ಲಾ? ಮೂರ್ ಬೆಳ್ಳಲ್ಲಿ ಅಚ್ಚು."

"ಇದು ಪೇಸ್ಟು ಕಣವ್ವ."

"ಅದ್ರ ಅಣೆ ಸುಡ್ತಾ ಅದಲ್ಲಾ, ಅಚ್ಲಾ!"

ಮೂರು ಗೆರೆ ಎಳೆದದ್ದು ನಾನೆಂದು ನನ್ನ ನೆನಪು. ಅವ್ವನೆಂದು ಅಕ್ಕನ ವಾದ. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ. ಕೂಲರ್ ಕೂಡಿಸಿ ವಿಡಿಯೊ ಓಡಿಸಿದೆವು. ನೀರು ಸೋರಲಿಲ್ಲ, ಕಂಪ್ಯೂಟರ್ ಆರಲಿಲ್ಲ.

"ಲೇ, ತಾಳಿ ಕಟ್ಬುಟ್ಟ ಕಣ್ಲಾ!" ಎಂದು ಅಕ್ಕ ಕೂಗಿದಳು.

ಅವ್ವ ಅಡುಗೆಮನೆಯಿಂದ ಓಡಿಬಂದು ಗಂಡುಹೆಣ್ಣಿನ ಮೇಲೆ, ಅಂದರೆ ಮಾನಿಟರ್ ಮೇಲೆ, ಅಕ್ಕಿಕಾಳು ಹಾಕಿದಳು.