ಕಾರಿಗೆ ಹೇಳಬೇಕಾದ ಹೆಸರು

ಹೋದ ವಾರ ಮುಧೋಳದಿಂದ ಒಬ್ಬರು ನಮ್ಮ ಕಾರು ನೋಡಲು ಬಂದಿದ್ದರು. ಮಾರಬೇಕೆಂದಿದ್ದೇವೆ. ಮುಂದಿನ ಎಡಗಡೆಯ ಸೀಟಿನಲ್ಲಿ ಕೂತವರೇ ಮೂಗು ಅರಳಿಸಿ, ‘ಏನ್ರಿ ಅಕ್ಕಾರ, ಮೊಣಕಾಲಿಗೆ ಹಚ್ಚೂ ಎಣ್ಣಿ ವಾಸನಿ ಬರಾಕತ್ತೈತಲ್ರಿ?’ ಎಂದರು. ಸೀಟಿನ ಕವರು ಎರಡು ಸಲ ಬದಲಿಸಿದ್ದೇನೆ, ಸೋಪಿನ ನೀರಿನಲ್ಲಿ ತಿಕ್ಕಿದ್ದೇನೆ. ಆದರೂ ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ಸಾಕು, ನಮ್ಮತ್ತೆ ಆಗಲೇ ಒಳಗೆ ಕೂತಿದ್ದಾರೇನೋ ಅನ್ನಿಸುತ್ತದೆ…

ಅತ್ತೆ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಅನ್ನುತ್ತಾರೆ. ಬರೆಯುತ್ತೇನೆ, ಒಳ್ಳೆಯದೂ ಇತ್ತು. ಆದರೆ ನಾನು ಅವರ ಮೇಲೆ ಸೇಡು ತೀರಿಸಿಕೊಂಡ ಸೊಸೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತೇರದಾಳ ನನ್ನ ತವರು. ಜಮಖಂಡಿಯಲ್ಲಿ ಬಿ.ಎ. ಮುಗಿಸಿ ರಬಕವಿಯ ನೇಕಾರರ ಮನೆಗೆ ಸೊಸೆಯಾಗಿ ಬಂದೆ. ನನ್ನ ಗಂಡ ಅದೇ ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದವನು. ಕಾಲೇಜಿನಲ್ಲಿ ಹೆಸರು ಹಿಡಿದು ಕರೆದು ರೂಢಿಯಾಗಿತ್ತು. ಮದುವೆಯಾಗಿ ಇಪ್ಪತ್ತು ದಿನವೂ ಆಗಿರಲಿಲ್ಲ, ನನ್ನ ಅವ್ವ ನನಗೆ ಉಡಿ ತುಂಬಲು ಬಂದಿದ್ದಳು. ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಕೂತಿದ್ದರು. ಹೊರಗೆ ಮಗ್ಗದ ಶೆಡ್ಡಿನಲ್ಲಿದ್ದ ಗಂಡನನ್ನು ನಾನು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದೆ. ಮಗ್ಗದ ಸದ್ದಿಗೆ ಕೇಳಲಿಲ್ಲವೆಂದು ಇನ್ನೊಮ್ಮೆ ಜೋರಾಗಿ ಕೂಗಿದೆ.

ಅತ್ತೆ ಒಳಗೆ ಹೋಗಿ ಒಂದು ತಂಬಿಗೆ ನೀರಿಗೆ ಹಿಡಿ ಉಪ್ಪು ಹಾಕಿ ತಂದರು. ‘ಗಂಡನ ಹೆಸರ ಹೇಳಿದ್ರ ಅವನ ಆಯುಷ್ಯ ಕಡಿಮಿ ಆಕ್ಕೈತಿ. ಇಷ್ಟೂ ಕಲಿಸಿಲ್ಲೇನ್ರಿ ಬೀಗತಿ? ಹಿಡೀರಿ, ನಿಮ್ಮ ಕೈಯಾರೆ ಬಾಯಿ ತೊಳಸ್ರಿ ಮಗಳದ’ ಎಂದು ತಂಬಿಗೆಯನ್ನು ಅವ್ವನ ಕೈಗೆ ಕೊಟ್ಟರು. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅವ್ವ ತಂಬಿಗೆ ಎತ್ತಿ ಸುರುವಿದಳು, ನಾನು ಬೊಗಸೆಯೊಡ್ಡಿ ಮೂರು ಸಲ ಮುಕ್ಕಳಿಸಿದೆ. ಅವತ್ತು ಉಣ್ಣದೆ ಹೋದವಳು ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ನನ್ನ ಮಗಳು ಹುಟ್ಟಿದಾಗಲೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೂಸನ್ನು ನೋಡಿ ಹೋದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತನ್ನು ನಂಬಿ ಕೂತೆ.

ನನ್ನ ಕಾಲ ಕಾರಿನ ರೂಪದಲ್ಲಿ ಬಂತು. ಗಂಡನಿಗೆ ಶೆಡ್ಡು ಬಿಟ್ಟು ಏಳಲು ಪುರುಸೊತ್ತಿಲ್ಲ, ಅತ್ತೆಯ ಮೊಣಕಾಲು ಹಿಡಿದುಬಿಟ್ಟಿತ್ತು, ಪ್ರತಿ ಗುರುವಾರ ಜಮಖಂಡಿಯ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸಬೇಕು. ಹಾಗಾಗಿ ನಾನು ಡ್ರೈವಿಂಗ್ ಕಲಿತೆ. ಕಾರಿನ ನಡುವೆ ಕೈಯಗಲದ ಸ್ಕ್ರೀನು. ಗಂಡನಿಗೆ ಅದರಲ್ಲಿ ಹಾಡು ಹಚ್ಚುವುದಷ್ಟೇ ಗೊತ್ತಿತ್ತು. ನಾನು ಒಂದೇ ವಾರದಲ್ಲಿ ಎಲ್ಲ ಕಲಿತೆ. ಫೋನನ್ನು ಬ್ಲೂಟೂತಿಗೆ ಜೋಡಿಸಿದೆ, ನಕ್ಷೆಯಲ್ಲಿ ಮನೆ, ಆಸ್ಪತ್ರೆ ಎಲ್ಲ ಗುರುತು ಹಾಕಿದೆ, ಭಾಷೆ ಕನ್ನಡಕ್ಕೆ ಬದಲಿಸಿದೆ. ಸ್ಟೇರಿಂಗಿನ ಮೇಲಿನ ಬಟನ್ ಒತ್ತಿ ಬಾಯಲ್ಲಿ ಹೇಳಿದರೆ ಕಾರು ತಾನೇ ಫೋನು ಹಚ್ಚುತ್ತಿತ್ತು.

ಮೊದಲ ಗುರುವಾರ ‘ಮುಂದೆ ಬಲಕ್ಕೆ ತಿರುಗಿ’ ಎಂದು ಕಾರು ಹೇಳಿದ್ದೇ ಅತ್ತೆ ಹುಬ್ಬು ಗಂಟಿಕ್ಕಿದರು. ‘ನಮ್ಮೂರ ಹಾದಿ ನನಗ ಹೇಳತಾಳಲ್ಲ ಈಕಿ! ಯಾರ ಮಗಳ?’ ನನಗೆ ನಗು ತಡೆಯಲಾಗಲಿಲ್ಲ. ಎರಡೇ ವಾರದಲ್ಲಿ ಅವರಿಗೆ ಆ ದನಿಯ ಮೇಲೆ ಪ್ರೀತಿ ಬಂದುಬಿಟ್ಟಿತ್ತು. ಅದಕ್ಕೆ ಕಾರಣ ಮಾವ. ಮಾವನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಉಣ್ಣುತ್ತಿರಲಿಲ್ಲ. ಅತ್ತೆಗೆ ಮೊಬೈಲು ಬಳಸಲು ಬರುತ್ತಿರಲಿಲ್ಲ. ಆಸ್ಪತ್ರೆಯಿಂದ ಹೊರಡುವಾಗ ನಾನು ಬಟನ್ ಒತ್ತಿದರೆ ಅವರು, ‘ಮಾವಗ ಹಚ್ಚವಾ’ ಅನ್ನುತ್ತಿದ್ದರು. ನನ್ನ ಫೋನಿನಲ್ಲಿ ಆ ನಂಬರು ‘ಮಾವ’ ಎಂದಿತ್ತಲ್ಲ, ಕಾರು ಹಚ್ಚುತ್ತಿತ್ತು. ಮಾವನ ದನಿ ಕಾರಿನ ನಾಲ್ಕೂ ಮೂಲೆಗಳಿಂದ ಬರುತ್ತಿದ್ದಂತೆ ಅತ್ತೆ ಥಟ್ಟನೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದರು. ‘ಉಂಡ್ರೇನ್ರಿ?’ ಅಷ್ಟೇ ಮಾತು. ಆಮೇಲೆ ರಬಕವಿ ಮುಟ್ಟುವವರೆಗೂ ಒಬ್ಬರೇ ನಗುತ್ತ ಕೂರುತ್ತಿದ್ದರು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿಗೆ ಅಷ್ಟು ಸಂತೋಷವಾಗುವುದನ್ನು ನೋಡಿ ನನ್ನ ಮನಸ್ಸೂ ಸ್ವಲ್ಪ ಕರಗಿತ್ತು, ಸುಳ್ಳೇಕೆ ಹೇಳಲಿ.

ಆಗ ಅವರೇ ಕೆಡಿಸಿಕೊಂಡರು. ಒಂದು ಗುರುವಾರ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿದ್ದ ಬೀಳಗಿಯ ಮುದುಕಿಗೆ ನನ್ನನ್ನು ತೋರಿಸಿ, ‘ಸೊಸಿ ಈಗ ಛಲೋ ಅದಾಳ್ರಿ. ಅವರವ್ವ ಏನೂ ಕಲಿಸಿದ್ದಿಲ್ಲ. ಆ ಅವ್ವನ ಕೈಯಾಗ ಉಪ್ಪನೀರ ಕೊಟ್ಟು ನಾನ ಇಬ್ಬರ್ನೂ ತಿದ್ದೀನಿ’ ಎಂದು ಹೇಳಿ ನಕ್ಕರು. ಹನ್ನೊಂದು ವರ್ಷದ ಹಿಂದಿನ ಮಾತು, ಹಬ್ಬದ ಊಟದ ಸುದ್ದಿ ಹೇಳಿದಷ್ಟು ಹಗುರಾಗಿ ಹೇಳಿದರು. ನನ್ನ ಮೈಯೆಲ್ಲ ಉರಿದು ಹೋಯಿತು.

ಅಲ್ಲೇ ಬೆಂಚಿನ ಮೇಲೆ ಕೂತು ಫೋನು ತೆಗೆದು ‘ಮಾವ’ ಎಂಬುದನ್ನು ಅಳಿಸಿ ಆ ಜಾಗದಲ್ಲಿ ಮಾವನ ಪೂರ್ತಿ ಹೆಸರು ಬರೆದೆ. ಆ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ, ನಾನೂ ಅದೇ ಮನೆಯಲ್ಲಿ ಪಳಗಿದವಳು. ಕಾರಿನಲ್ಲಿ ಕೂತು ಬಟನ್ ಒತ್ತಿದೆ. ಅತ್ತೆ ‘ಮಾವಗ ಹಚ್ಚವಾ’ ಎಂದರು. ‘ಕ್ಷಮಿಸಿ, ಆ ಹೆಸರು ಸಿಗಲಿಲ್ಲ’ ಎಂದಿತು ಕಾರು. ‘ಗಾಡಿ ರೂಲು ಬದ್ಲಾಗೈತ್ರಿ ಅತ್ತಿ. ಇನ್ನ ಪೂರ್ತಿ ಹೆಸರ ಹೇಳಬೇಕಂತ’ ಎಂದೆ. ‘ನೀ ಹೇಳಲ್ಲ ಮತ್ತ?’ ‘ಅಯ್ಯ, ಮಾವನ ಹೆಸರ ನಾ ಹೆಂಗ ಹೇಳ್ಲಿ? ನೀವ ಕಲಿಸೀರಿ.’ ಅವರು ನನ್ನ ಮುಖ ನೋಡಿದರು. ನಾನು ರಸ್ತೆ ನೋಡುತ್ತಿದ್ದೆ.

ಆಮೇಲಿನ ಗುರುವಾರಗಳನ್ನು ನಾನು ತುತ್ತು ತುತ್ತಾಗಿ ಸವಿದೆ. ‘ನಮ್ಮನಿಯವರಿಗೆ ಹಚ್ಚವಾ’ ಅನ್ನುತ್ತಿದ್ದರು. ಸಿಗುತ್ತಿರಲಿಲ್ಲ. ‘ಅವರಿಗೆ.’ ಸಿಗುತ್ತಿರಲಿಲ್ಲ. ‘ಹಿರೇರಿಗೆ. ರಬಕವಿಯವರಿಗೆ. ಲೇ ಹುಡುಗಿ, ನಿನಗ ಗೊತ್ತಾಗೂದಿಲ್ಲೇನ, ನನ್ನ ಗಂಡಗ!’ ಕಾರು ಅಷ್ಟೇ ತಾಳ್ಮೆಯಿಂದ ಕ್ಷಮೆ ಕೇಳುತ್ತಿತ್ತು. ಒಂದು ವಾರ ಅವರು ಮನೆಯಲ್ಲೇ ಒಡಪು ಕಟ್ಟಿಕೊಂಡು ಬಂದಿದ್ದರು. ಮದುವೆ ಮುಂಜಿಯಲ್ಲಿ ಹೆಣ್ಣುಮಕ್ಕಳು ಪದದಲ್ಲಿ ಸೇರಿಸಿ ಗಂಡನ ಹೆಸರು ಹೇಳುತ್ತಾರಲ್ಲ, ಅದಕ್ಕೆ ದೋಷವಿಲ್ಲ. ಸೆರಗು ಸರಿಮಾಡಿಕೊಂಡು ಸ್ಕ್ರೀನಿನ ಕಡೆ ತಿರುಗಿ ಮಾವನ ಹೆಸರು ಸೇರಿಸಿ ರಾಗವಾಗಿ ಹೇಳಿದರು:

‘ಬೆಳ್ಳಿ ಬಟ್ಟಲದಾಗ ಕಬ್ಬಿನ ಹಾಲ,
… ಅವರ ಹೆಸರ ಹೇಳತೇನಿ ಎಲ್ಲಾರಕಿಂತ ಮೊದಲ.’

ಕಾರು ಒಂದು ಗಳಿಗೆ ಯೋಚಿಸಿ, ‘ಕಬ್ಬಿನ ಹಾಲು. ಹತ್ತಿರದಲ್ಲಿ ಮೂರು ಅಂಗಡಿಗಳಿವೆ. ದಾರಿ ತೋರಿಸಲೇ?’ ಎಂದು ಕೇಳಿತು. ನಾನು ಗಾಡಿ ಬದಿಗೆ ನಿಲ್ಲಿಸಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅತ್ತೆ ನಗಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿ ಕೂತರು. ಬೆರಳಿನಿಂದ ಒಮ್ಮೆ ಸ್ಕ್ರೀನು ಮುಟ್ಟಿದ್ದರೆ ಫೋನು ಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಆ ಹೆಸರನ್ನು ಅವರ ಬಾಯಿಂದ ಒಡಪಿನ ಮುಸುಕಿಲ್ಲದೆ ಹಸಿಹಸಿಯಾಗಿ ಕೇಳಬೇಕು, ಕೇಳಿದ ಮೇಲೆ ತೇರದಾಳಕ್ಕೆ ಹೋಗಿ ಅವ್ವನಿಗೆ ಹೇಳಬೇಕು. ಇದೊಂದೇ ಹಟ ನನಗೆ.

ಒಡಪು ಹೇಳಿದ ಮುಂದಿನ ಗುರುವಾರ ನಾನು ಫೋನನ್ನು ಚಾರ್ಜಿಗೆ ಹಾಕಿ ಕಾರಿನಲ್ಲೇ ಬಿಟ್ಟು ಆಸ್ಪತ್ರೆಯೊಳಗೆ ಹೋಗಿದ್ದೆ. ಕೈಯಲ್ಲಿ ಹಿಡಿದುಕೊಂಡು ಹೋಗಿದ್ದರೆ… ಇರಲಿ. ಹನ್ನೆರಡು ದಾಟಿದ ಮೇಲೆ ಬಂದು ಕಾರು ಚಾಲೂ ಮಾಡಿದರೆ ಸ್ಕ್ರೀನಿನ ಮೇಲೆ ಮಾವನ ಪೂರ್ತಿ ಹೆಸರು, ಅದರ ಕೆಳಗೆ ಮೂರು ಮಿಸ್ಡ್ ಕಾಲ್. ಮೂರೂ ಹನ್ನೊಂದು ಗಂಟೆಯ ಆಸುಪಾಸಿನವು. ಅತ್ತೆ ಅಕ್ಷರ ಕೂಡಿಸಿ ಓದಿಕೊಂಡರು. ಮಾವ ತಾವಾಗಿ ಎಂದೂ ಫೋನು ಮಾಡಿದವರಲ್ಲ.

‘ಹಚ್ಚ ಬೇ, ಲಗೂನ ಹಚ್ಚ’ ಎಂದರು.

ನನ್ನ ಬೆರಳು ಸ್ಕ್ರೀನಿಗೆ ಒಂದು ಗೇಣು ದೂರದಲ್ಲಿತ್ತು. ನಾನು ಸ್ಟೇರಿಂಗಿನ ಬಟನ್ ಒತ್ತಿ, ‘ಹೇಳ್ರಿ’ ಎಂದೆ. ಊರು ದಾಟಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡೆವು. ‘ಅವರಿಗೆ’ ಎಂದರು, ‘ನಮ್ಮನಿಯವರಿಗೆ’ ಎಂದರು, ಕಾರಿಗೆ ಕೈ ಮುಗಿದರು. ಕೊನೆಗೆ ಕಣ್ಣು ಮುಚ್ಚಿ ಆ ಹೆಸರು ಹೇಳಿದರು. ಎಷ್ಟು ಮೆಲ್ಲಗೆ ಹೇಳಿದರೆಂದರೆ ಕಾರಿಗೆ ಕೇಳಲಿಲ್ಲ. ಇನ್ನೊಮ್ಮೆ ಕೂಗಿ ಹೇಳಿದರು. ಕಾರು ಅದನ್ನು ತಿರುಗಿ ಹೇಳಿ ಫೋನು ಹಚ್ಚಿತು. ರಿಂಗಾಯಿತು, ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕಾಯುತ್ತಿದ್ದರು.

ಮಗ್ಗದ ಸದ್ದಿನಲ್ಲಿ ಗಂಡನಿಗೆ ಫೋನು ಕೇಳುವುದಿಲ್ಲವೆಂದು ಆಗ ನಾನು ಬೆರಳಿನಿಂದಲೇ ಒತ್ತಿ ಎದುರು ಮನೆಯವರಿಗೆ ಫೋನು ಹಚ್ಚಿದೆ. ಅವರು ಹೋಗಿ ನೋಡಿದರೆ ಮಾವ ಪಡಸಾಲೆಯ ಕಂಬಕ್ಕೆ ಒರಗಿ ಕೂತಂತೆಯೇ ಇದ್ದರಂತೆ. ಪಕ್ಕದ ಶೆಡ್ಡಿನಲ್ಲಿ ಮಗ್ಗಗಳು ಓಡುತ್ತಿದ್ದವು, ಮಗನಿಗೂ ಗೊತ್ತಾಗಿರಲಿಲ್ಲ. ನಾವು ಮನೆ ಮುಟ್ಟುವಷ್ಟರಲ್ಲಿ ಡಾಕ್ಟರು ಬಂದು ನೋಡಿ ಹೊರಟಿದ್ದರು. ಬಾಗಿಲಲ್ಲಿ ನನ್ನೊಬ್ಬಳಿಗೇ ಹೇಳಿದರು: ‘ಮೈ ತಣ್ಣಗಾಗೇತ್ರಿ. ಹನ್ನೊಂದೂವರಿ ಒಳಗ ಜೀವ ಹೋಗೇತಿ.’ ಅತ್ತೆ ಹೆಸರು ಹೇಳಿದಾಗ ಹನ್ನೆರಡೂವರೆ ದಾಟಿತ್ತು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬಚ್ಚಲಲ್ಲಿ ಅತ್ತೆ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದನ್ನು ಕಂಡೆ. ಮರುದಿನವೂ, ಅದರ ಮರುದಿನವೂ. ಕೇಳಿದಾಗ, ‘ನನ್ನ ಬಾಯಾಗಿಂದ ಹೆಸರ ಬಿತ್ತು, ಅವರ ಜೀವ ಹೋತು. ನಾನ ಕೊಂದೆ ಬೇ’ ಎಂದರು. ನನ್ನನ್ನು ಬಯ್ಯಲಿಲ್ಲ. ನೀನೇ ಹೇಳಿಸಿದೆ ಅನ್ನಲಿಲ್ಲ. ಯಾರ ಮುಂದೆಯೂ ಆ ಮಾತು ಎತ್ತಲಿಲ್ಲ.

ಒಂದು ಮಾತು ಸಾಕಿತ್ತು. ‘ನೀವು ಹೆಸರ ಹೇಳೂಕಿಂತ ಒಂದ ತಾಸ ಮೊದಲ ಅವರು ಹೋಗಿದ್ರು ಅತ್ತಿ.’ ಅಷ್ಟೇ. ನಾನು ಹೇಳಲಿಲ್ಲ. ತಂಬಿಗೆ ಹಿಡಿದು ಅವರು ಮೂರು ಸಲ ಮುಕ್ಕಳಿಸುವುದನ್ನು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಅವತ್ತು ಆಗಲಿಲ್ಲ. ಇನ್ನೊಂದು ವಾರ ನೋಡಲಿ, ಇನ್ನೊಂದು ತಿಂಗಳು ನೋಡಲಿ, ಆಮೇಲೆ ಹೇಳೋಣ ಅಂದುಕೊಳ್ಳುತ್ತ ಹೋದೆ. ಅತ್ತೆ ಮೆತ್ತಗಾಗುತ್ತ ಹೋದರು. ಆಸ್ಪತ್ರೆಗೆ ಒಲ್ಲೆ ಅಂದರು, ಕಾರು ಹತ್ತಲೂ ಒಲ್ಲೆ ಅಂದರು.

ಎಂಟು ತಿಂಗಳಿಗೆ ಹಾಸಿಗೆ ಹಿಡಿದರು. ಒಂದು ಸಂಜೆ ಗಂಜಿ ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದುಕೊಂಡು, ‘ಅಲ್ಲಿ ಅವರು ಸಿಕ್ಕರ ಏನಂತ ಹೇಳ್ಲಿ ಬೇ ನಾ?’ ಎಂದು ಕೇಳಿದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಟ್ಟಲು ತೊಳೆದು ಬರುತ್ತೇನೆಂದು ಎದ್ದು ಹೋದೆ. ತಿರುಗಿ ಬಂದಾಗ ನಿದ್ದೆ ಹತ್ತಿತ್ತು. ಎಬ್ಬಿಸಬಾರದು ಅಂದುಕೊಂಡೆ. ಆ ನಿದ್ದೆಯಿಂದ ಅವರು ಏಳಲಿಲ್ಲ.

ಈಗ ಅತ್ತೆ ಇಲ್ಲ, ಆ ಮಾತು ನನ್ನ ಬಾಯಲ್ಲೇ ಉಳಿದಿದೆ. ಗಂಡನಿಗೂ ಹೇಳಿಲ್ಲ. ಮುಧೋಳದವರು ಬಂದು ಹೋದ ದಿನ ತೇರದಾಳದಿಂದ ಅವ್ವ ಫೋನು ಮಾಡಿದ್ದಳು. ಅದೂ ಇದೂ ಮಾತಾಡಿ, ಇಷ್ಟು ದಿನ ಕೇಳದಿದ್ದುದನ್ನು ಕೇಳಿದಳು: ‘ನಿಮ್ಮತ್ತಿ ಹೋಗೂ ಮುಂದ ನನ್ನ ಸುದ್ದಿ ಏನರ ತಗದಿದ್ದಳೇನ?’

‘ಹೂಂ ಅವ್ವಾ. ತಪ್ಪಾತು ಅಂತ ಹೇಳು ಅಂದಿದ್ರು’ ಎಂದೆ.

ಆ ಕಡೆಯಿಂದ ಅವ್ವ ಮೂಗು ಎಳೆದುಕೊಳ್ಳುವುದು ಕೇಳಿಸಿತು. ‘ಪಾಪ… ಹೋಗಲಿ ಬಿಡು. ಮನಸ ಹಗೂರ ಮಾಡ್ಕೊಂಡರ ಹೋದ್ಲಲ್ಲ’ ಎಂದಳು.

ನಾನು ಹೂಂ ಅಂದೆ.