ಬೇಡವೆಂದ ಸೂಜಿ, ಬೇಕೆಂದ ಸೂಜಿ

ಮಗಳು ಹೊಟ್ಟೆಯಲ್ಲಿದ್ದಾಗ ಕೊರೊನಾದ ಎರಡನೇ ಅಲೆ. ನನ್ನ ಗಂಡ ರಾಯದುರ್ಗದಲ್ಲಿ ಬಸ್ ಕಂಡಕ್ಟರ್. ದಿನವೂ ಜನರ ನಡುವೆ ನುಸುಳಿ ಟಿಕೆಟ್ ಹರಿಯುವವರು. ಅವರಿಗೆ ಲಸಿಕೆಯಾಗಿತ್ತು. ನನಗೂ ಹಾಕಿಸೋಣವೆಂದು ಐದನೇ ತಿಂಗಳಲ್ಲಿ ಶಾಲೆಯೊಂದರಲ್ಲಿ ನಡೆಯುತ್ತಿದ್ದ ಶಿಬಿರಕ್ಕೆ ಹೋದೆವು. ಸಾಲಿನಲ್ಲಿ ನಿಂತು ನನ್ನ ಸರದಿ ಬಂದಾಗ ನರ್ಸ್ ಹೊಟ್ಟೆಯ ಕಡೆ ನೋಡಿದಳು.

"ಬಸುರೇರಿಗೆ ಹಾಕಂಗಿಲ್ರಿ. ಹೆರಿಗಿ ಆದಮ್ಯಾಲ ಬರ್ರಿ."

ಮನೆಯಲ್ಲಿ ಅತ್ತೆಗೆ ಸಮಾಧಾನವಾಯಿತು. "ಕೂಸಿಗೆ ಯಾಕ ಬೇಕವ್ವ ಅದು?" ಎಂದರು. ಅದೇ ಅತ್ತೆ ಮೂರನೇ ತಿಂಗಳಲ್ಲಿ ಧನುರ್ವಾಯು ಸೂಜಿಗೆ ತಾವೇ ಕರೆದುಕೊಂಡು ಹೋಗಿದ್ದರು. ನೆನಪಿಸಿದರೆ, "ಅದು ಬ್ಯಾರೆ" ಎಂದರು.

ಕೆಲವು ವಾರ ಕಳೆದ ಮೇಲೆ, ಬಸುರಿಯರೂ ಹಾಕಿಸಿಕೊಳ್ಳಬಹುದೆಂದು ಟಿವಿಯಲ್ಲಿ ಬಂತು. ನಾನು ತೋರಿಸಿಕೊಳ್ಳುತ್ತಿದ್ದ ಖಾಸಗಿ ಡಾಕ್ಟರನ್ನು ಕೇಳಿದೆವು. "ಹಾಕಿಸ್ಕೋಬಹುದು. ಆದ್ರ ನಾನು ಚೀಟ್ಯಾಗ ಬರಕೊಡಂಗಿಲ್ರಿ" ಎಂದರು. ಹೊರಗೆ ಬಂದು ಗಂಡ, "ಹಂಗಂದ್ರ ಹಾಕಸ್ಬೇಕೋ ಬ್ಯಾಡೋ?" ಎಂದು ನನ್ನನ್ನೇ ಕೇಳಿದರು. ನನಗೇನು ಗೊತ್ತು? ಸೂಜಿ ಹಾಕಿಸದೆಯೇ ಬಸ್ಸು ಹತ್ತಿ ಮನೆಗೆ ಬಂದೆವು.

ಏಳನೇ ತಿಂಗಳಿಗೆ ಮಡಕಶಿರದ ಹತ್ತಿರದ ತವರಿಗೆ ಹೋದೆ. ಆ ವಾರವೇ ಪಕ್ಕದ ಬೀದಿಯ ಎಂಟು ತಿಂಗಳ ಬಸುರಿಯೊಬ್ಬಳನ್ನು ಉಸಿರಾಟದ ತೊಂದರೆಯಿಂದ ಹಿಂದೂಪುರದ ಆಸ್ಪತ್ರೆಗೆ ಒಯ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಅಮ್ಮ ಕೆಲಸ ಬಿಟ್ಟು ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಇವತ್ತೇ ಲಸಿಕೆ ಹಾಕಿಸಿಕೊಳ್ಳಿ ಎಂದರು ಅಲ್ಲಿನ ಡಾಕ್ಟರಮ್ಮ.

"ರಾಯದುರ್ಗದಲ್ಲಿ ಬ್ಯಾಡ ಅಂದ್ರಂತೆ ಡಾಕ್ಟ್ರಮ್ಮ. ನೀವು ಬೇಕು ಅಂತೀರಾ. ಯಾರ ಮಾತು ಕೇಳಾನ?" ಎಂದಳು ಅಮ್ಮ.

ಆ ಡಾಕ್ಟರಮ್ಮ ಕೋಪಿಸಿಕೊಳ್ಳಲಿಲ್ಲ. "ಮೊನ್ನೆ ಮೊನ್ನೆವರೆಗೂ ನಾನೂ ಬೇಡ ಅಂತಿದ್ದೆ ಕಣಮ್ಮ. ಆಗ ನಮಗೆ ಇಷ್ಟು ಗೊತ್ತಿರಲಿಲ್ಲ. ಈಗ ಸೂಜಿಗಿಂತ ಕಾಯಿಲೆಗೇ ನಂಗೆ ಹೆಚ್ಚು ಭಯ."

ಗೊತ್ತಿರಲಿಲ್ಲ ಎಂದು ಅಷ್ಟು ದಿನದಲ್ಲಿ ಯಾರೂ ಹೇಳಿರಲಿಲ್ಲ. ಆ ಮಾತಿಗೇ ತೋಳು ಚಾಚಿದೆನೋ, ಪಕ್ಕದ ಬೀದಿಯವಳ ಭಯಕ್ಕೋ, ಇಂದಿಗೂ ಹೇಳಲಾರೆ.

ಸಂಜೆ ಜ್ವರ ಬಂತು. ಮರುದಿನ ಮಧ್ಯಾಹ್ನದವರೆಗೂ ಕೂಸು ಮಿಸುಕಿದಂತೆ ಕಾಣಲಿಲ್ಲ. ಕೊಂದುಬಿಟ್ಟೆನೇನೋ ಎಂದು ಅಳುತ್ತಾ ಮತ್ತೆ ಅದೇ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಎದೆಬಡಿತ ಕೇಳಿಸಿದರು. ಓಡುವ ಕುದುರೆಯ ಗೊರಸಿನ ಸದ್ದಿನಂತಿತ್ತು.

ಗಂಡ ಫೋನಿನಲ್ಲಿ, "ಒಂದ್ ಮಾತು ಕೇಳಬೇಕಿತ್ತು ನೀನು" ಎಂದರು. ಕೇಳಿದ್ದರೆ ಏನು ಹೇಳುತ್ತಿದ್ದಿರಿ ಎಂದೆ. "ಗೊತ್ತಿಲ್ಲ" ಎಂದರು.

ಪಕ್ಕದ ಬೀದಿಯವಳು ಚೇತರಿಸಿಕೊಂಡು ಮನೆಗೆ ಬಂದಳು. ಅವಳ ಕೂಸು ಉಳಿಯಲಿಲ್ಲ. ನನ್ನ ಮಗಳು ದಿನ ತುಂಬಿ ಹುಟ್ಟಿದಳು. ಈಗಲೂ ಅವಳಿಗೆ ನೆಗಡಿಯಾದರೆ ಅತ್ತೆ, "ಆ ಸೂಜಿದೇ ಇದು" ಅನ್ನುತ್ತಾರೆ. ನಾನು ಮಗಳ ಮೂಗು ಒರೆಸಿ ಶಾಲೆಗೆ ಕಳಿಸುತ್ತೇನೆ.